ನಿಮ್ಮ ರಕ್ತದೊತ್ತಡ ಎಷ್ಟು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅರವತ್ತರ ಆಸುಪಾಸಿನ ಒಬ್ಬರು ನಿದ್ದೆ ಬರುವುದಿಲ್ಲವೆಂದು ನನ್ನ ಬಳಿ ಸಲಹೆಗೆ ಬಂದಿದ್ದರು. ಪತ್ನಿಗೆ ಮೂತ್ರಪಿಂಡ ವೈಫಲ್ಯ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲವೂ ನಾಲ್ಕು ಗಂಟೆ. ಆಕೆ ಕುಡಿಯಬಹುದಾದ ನೀರಿನ ಅಳತೆ, ಮಾತ್ರೆಗಳ ಹೊತ್ತು, ಕೊನೆಯ ಪರೀಕ್ಷೆಯ ಪೊಟ್ಯಾಸಿಯಂ ಪ್ರಮಾಣ ಎಲ್ಲವೂ ಅವರಿಗೆ ಬಾಯಿಪಾಠ. “ನಿಮ್ಮ ರಕ್ತದೊತ್ತಡ ಎಷ್ಟಿದೆ?” ಎಂದು ಕೇಳಿದೆ. ಮೊಬೈಲ್ ತೆಗೆದು ಪತ್ನಿಯದನ್ನು ಓದತೊಡಗಿದರು. ಅವರ ಸ್ವಂತ ಮಾತ್ರೆ ಮುಗಿದು ತಿಂಗಳುಗಳೇ ಆಗಿದ್ದವು. ಹೆಬ್ಬೆರಳಿಗೆ ಸುತ್ತಿದ್ದ ಪಟ್ಟಿಯ ಅಂಚು ಕೊಳೆಯಾಗಿತ್ತು. “ಏನೋ ಕೊಯ್ದುಕೊಂಡೆ, ಮಾಯುತ್ತಲೇ ಇಲ್ಲ” ಎಂದರು.

ಮಾತಿಗೆ ಆ ಗಾಯವೇ ದಾರಿಯಾಯಿತು. “ಇವಳ ಕಷ್ಟದ ಮುಂದೆ ನನ್ನದೇನು ಮಹಾ” ಎನ್ನುವವರ ಬಳಿ ಮನಸ್ಸಿನ ದಣಿವಿನ ಬಗ್ಗೆ ಎಷ್ಟು ಹೇಳಿದರೂ ನಾಟುವುದಿಲ್ಲ. 1995ರಲ್ಲಿ ಅಮೆರಿಕದ ಸಂಶೋಧಕರು, ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯರಲ್ಲಿ ಚರ್ಮದ ಪುಟ್ಟ ಗಾಯ ಮಾಯಲು ಉಳಿದವರಿಗಿಂತ ಸರಾಸರಿ 9 ದಿನ ಹೆಚ್ಚು ಬೇಕಾಯಿತೆಂದು ಕಂಡುಕೊಂಡರು. ಅಲ್ಲಿಯೇ 1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಆರೈಕೆ ಮಾಡುತ್ತ ಬಳಲಿದ ವೃದ್ಧ ಸಂಗಾತಿಗಳಿಗೆ, ಆರೈಕೆಯ ಹೊಣೆ ಇಲ್ಲದವರಿಗಿಂತ, ನಾಲ್ಕು ವರ್ಷಗಳಲ್ಲಿ ಸಾವಿನ ಅಪಾಯ ಶೇ. 63ರಷ್ಟು ಹೆಚ್ಚಿತ್ತು. ಬಳಲಿಕೆಯಿಲ್ಲದೆ ಆರೈಕೆ ಮಾಡಿದವರಲ್ಲಿ ಈ ಹೆಚ್ಚಳ ಕಾಣಲಿಲ್ಲ. ಈ ಕೊನೆಯ ಮಾತನ್ನು ಅವರಿಗೆ ಎರಡೆರಡು ಸಲ ಹೇಳಿದೆ. ಹೆಂಡತಿಯ ಸೇವೆ ಬಿಡಿ ಎಂದು ನಾನು ಹೇಳುತ್ತೇನೆಂಬ ಅಂಜಿಕೆ ಅವರ ಮುಖದಲ್ಲೇ ಇತ್ತು.

ಬದುಕು ಬೇಡವೆನಿಸುತ್ತದೆಯೇ ಎಂದೂ ನೇರವಾಗಿ ಕೇಳಿದೆ, ಇಲ್ಲವೆಂದರು. ಮಾಯದ ಗಾಯಕ್ಕೆಲ್ಲ ಒತ್ತಡವೇ ಕಾರಣವೆಂದು ಕುಳಿತರೆ ಆಗದು, ಮೊದಲು ಸಕ್ಕರೆ ಮತ್ತು ರಕ್ತದೊತ್ತಡ ತೋರಿಸಿಕೊಂಡು ಬನ್ನಿ ಎಂದೆ. ಬಿಡುವಿಲ್ಲವೆಂಬ ನೆಪಕ್ಕೆ ಉತ್ತರ ಅವರ ದಿನಚರಿಯಲ್ಲೇ ಇತ್ತು. ಆಕೆ ಡಯಾಲಿಸಿಸ್‌ನಲ್ಲಿರುವ ನಾಲ್ಕು ಗಂಟೆ ಅಲ್ಲಿನ ಸಿಬ್ಬಂದಿ ನೋಡಿಕೊಳ್ಳುತ್ತಾರೆ. ಬಾಗಿಲ ಹೊರಗೆ ಕುರ್ಚಿ ಕಾಯುವ ಬದಲು ವೈದ್ಯರ ಭೇಟಿಯನ್ನೂ ನಡಿಗೆಯನ್ನೂ ಆಗಲೇ ಮುಗಿಸಬಹುದು.

ಪತ್ನಿಯೊಂದಿಗೆ ಬೇರೆಯಾಗಿ ಮಾತನಾಡಿದೆ. “ಇವರು ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ ಮೇಡಂ. ಆದರೆ ನೀರು ಎಷ್ಟು ಕುಡಿದೆ ಎನ್ನುವುದನ್ನು ಬಿಟ್ಟು ಬೇರೆ ಮಾತೇ ಇಲ್ಲ” ಎಂದರು. ಸಿಟ್ಟೂ ಇತ್ತು, ಹೊರೆಯಾದೆನೆಂಬ ಅಳುಕೂ ಇತ್ತು. ರೋಗಿಗೆ ಜವಾಬ್ದಾರಿ ಕೊಡಬಾರದೆಂಬ ಕರುಣೆ ಎಷ್ಟೋ ಸಲ ಅವಮಾನವಾಗಿಯೇ ತಟ್ಟುತ್ತದೆ. ಹಾಗಾಗಿ ಗಂಡನ ಮಾತ್ರೆಯ ಉಸ್ತುವಾರಿಯನ್ನು ಆಕೆಗೇ ವಹಿಸಿದೆ. ನೀರಿನ ಲೆಕ್ಕವನ್ನೂ ತಾವೇ ಬರೆದುಕೊಳ್ಳುವುದಾಗಿ ಹೇಳಿದರು.

ಪರೀಕ್ಷೆಯಲ್ಲಿ ಸಕ್ಕರೆ ಏರಿರುವುದು ತಿಳಿದು ಚಿಕಿತ್ಸೆ ಆರಂಭವಾಗಿದೆ. ನಿದ್ದೆ ಇನ್ನೂ ಅರೆಬರೆ. ವಾರಕ್ಕೊಂದು ರಾತ್ರಿ ತಾನು ಬಂದಿರುತ್ತೇನೆಂದು ಪತ್ನಿಯ ತಮ್ಮ ಹೇಳಿದ್ದಾರೆ, ಪತ್ನಿಯೂ ಒಪ್ಪಿದ್ದಾರೆ. ಇವರು ಮಾತ್ರ “ನೋಡೋಣ” ಎನ್ನುತ್ತಿದ್ದಾರೆ. ಮುಂದಿನ ಭೇಟಿಗೆ ಮೂವರನ್ನೂ ಕರೆದಿದ್ದೇನೆ.