ಧ್ಯಾನದ ಗುಂಪು ನಡೆಸುವವರಿಗೆ ಅಧಿಕಾರ ಕೊಟ್ಟವರು ಯಾರು?

ನಿಮ್ಮ ಬಡಾವಣೆಯಲ್ಲಿ ಭಾನುವಾರ ಬೆಳಿಗ್ಗೆ ಗೋಯೆಂಕಾ ಅವರ ಪದ್ಧತಿಯ ವಿಪಶ್ಯನ ಎಂಬ ಬೌದ್ಧ ಧ್ಯಾನದ ಗುಂಪು ಸೇರುತ್ತದೆ, ನಡೆಸುವವರು ಬ್ಯಾಂಕಿನಿಂದ ರಿಟೈರ್ ಆದ ದಂಪತಿ, ಇಬ್ಬರೂ ಸನ್ಯಾಸಿಗಳಲ್ಲ, ಹಾಗಿದ್ದರೆ ಇವರಿಗೆ ಬುದ್ಧನ ಧ್ಯಾನ ಹೇಳಿಕೊಡುವ ಅಧಿಕಾರ ಕೊಟ್ಟವರು ಯಾರು, ನಂಬಿ ಅಮ್ಮನನ್ನು ಕಳಿಸಬಹುದಾ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಇಂಥದ್ದೇ ಒಂದು ಗುಂಪಿನಲ್ಲಿ ನಾನು ವರ್ಷಗಳಿಂದ ಕೂರುತ್ತಿದ್ದೇನೆ. ಶಿಬಿರಗಳಲ್ಲಿ ಹೆಂಗಸರ ಕಡೆ ಸೇವೆಗೂ ಹೋಗುತ್ತೇನೆ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲನೆಯದಾಗಿ, ವಾರದ ಗುಂಪಿನಲ್ಲಿ ಯಾರೂ ಏನನ್ನೂ ಕಲಿಸುವುದಿಲ್ಲ. ಹತ್ತು ದಿನದ ಶಿಬಿರ ಮುಗಿಸಿದ ಹಳೆಯ ಸಾಧಕರು ಮಾತ್ರ ಅಲ್ಲಿ ಒಂದು ಗಂಟೆ ಒಟ್ಟಿಗೆ ಕೂರುತ್ತಾರೆ. ಆ ದಂಪತಿ ಬಾಗಿಲು ತೆಗೆಯುತ್ತಾರೆ, ಚಾಪೆ ಹಾಸುತ್ತಾರೆ, ಗೋಯೆಂಕಾ ಅವರ ಧ್ವನಿಮುದ್ರಿಕೆ ಹಾಕುತ್ತಾರೆ. ಗಂಟೆ ಮುಗಿದ ಮೇಲೆ 'ಭವತು ಸಬ್ಬ ಮಂಗಲಂ' (ಎಲ್ಲರಿಗೂ ಮಂಗಳವಾಗಲಿ) ಎಂದು ಕೇಳಿಸುತ್ತದೆ, ಎಲ್ಲರೂ 'ಸಾಧು ಸಾಧು ಸಾಧು' ಎನ್ನುತ್ತಾರೆ, ಮನೆಗೆ ಹೋಗುತ್ತಾರೆ. ಇಷ್ಟಕ್ಕೆ ಅವರು ಆಚಾರ್ಯರೇ ಆಗಿರಬೇಕಿಲ್ಲ. ಹಾಗಾಗಿ ನಿಮ್ಮ ಅಮ್ಮ ಶಿಬಿರ ಮಾಡಿಲ್ಲದಿದ್ದರೆ ಸದ್ಯಕ್ಕೆ ಆ ಗುಂಪಿಗೆ ಸೇರಿಸಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಉಸಿರು ಗಮನಿಸುವ ಚಿಕ್ಕ ಆನಾಪಾನ ಅಭ್ಯಾಸ ಎಲ್ಲರಿಗೂ ತೆರೆದಿದೆ, ಅಲ್ಲಿಂದ ಶುರು ಮಾಡಬಹುದು.

ಕಲಿಸುವುದು ಶಿಬಿರದಲ್ಲಿ. ಅಲ್ಲಿ ಸಹಾಯಕ ಆಚಾರ್ಯರು ಇರುತ್ತಾರೆ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ಗಂಡ ಹೆಂಡತಿ ಜೊತೆಯಾಗಿ ಶಿಬಿರ ನಡೆಸುವುದೂ ಉಂಟು. ಗೋಯೆಂಕಾ ಒಬ್ಬರೇ ಎಲ್ಲ ಕಡೆ ಹೋಗಲು ಆಗದ ಕಾರಣ 1980ರ ದಶಕದ ಆರಂಭದಲ್ಲಿ ಈ ಏರ್ಪಾಡು ಶುರುವಾಯಿತು. ಯಾರೂ ಅರ್ಜಿ ಹಾಕಿ ಪರೀಕ್ಷೆ ಬರೆದು ಆಚಾರ್ಯರಾಗುವುದಿಲ್ಲ. ವರ್ಷಗಟ್ಟಲೆ ದಿನಕ್ಕೆ ಎರಡು ಗಂಟೆ ಕೂತವರು, ಕೊಲ್ಲದಿರುವುದು, ಕದಿಯದಿರುವುದು ಮುಂತಾದ ಪಂಚಶೀಲ ಪಾಲಿಸುವವರು, ಶಿಬಿರಗಳಲ್ಲಿ ಸೇವೆ ಮಾಡಿದವರು, ಇಂಥವರನ್ನು ಹಿರಿಯರು ಗುರುತಿಸಿ ತರಬೇತಿ ಕೊಡುತ್ತಾರೆ. ಸಂಬಳ ಇಲ್ಲ. ಹೊಟ್ಟೆಪಾಡಿಗೆ ಅವರದೇ ಬೇರೆ ದಾರಿ ಇರಬೇಕು. ನಿಮಗೆ ಅನುಮಾನ ಹುಟ್ಟಿಸಿದ ಆ ಬ್ಯಾಂಕಿನ ಪೆನ್ಶನ್ನೇ ನನಗೆ ಸಮಾಧಾನ ಕೊಡುತ್ತದೆ. ಧ್ಯಾನದಿಂದ ಮನೆ ನಡೆಸಬೇಕಾದ ಒತ್ತಡ ಅವರಿಗಿಲ್ಲ ಅಲ್ವಾ?

ಸನ್ಯಾಸಿಗಳಲ್ಲದವರು ಕಲಿಸುವುದು ಈ ಪರಂಪರೆಯಲ್ಲಿ ಹೊಸದೂ ಅಲ್ಲ. ಬರ್ಮಾದ ಲೆಡಿ ಸಯಾಡೊ (1846–1923) ಭಿಕ್ಷುವೇ. ಆದರೆ ಸಂಸಾರಸ್ಥರೂ ವಿಪಶ್ಯನ ಮಾಡಬಹುದು ಎಂದು ದಾರಿ ತೆರೆದವರು. ಅವರ ಶಿಷ್ಯ ಸಯಾ ತೆಜಿ ಗದ್ದೆ ಉಳುತ್ತಿದ್ದ ರೈತ. ತೆಜಿಯವರಲ್ಲಿ 1937ರಲ್ಲಿ ಕಲಿತವರು ಊ ಬಾ ಖಿನ್. ಅವರು 1948ರಲ್ಲಿ ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್ ಆದರು. ತಮ್ಮ ಕಚೇರಿಯಲ್ಲೇ ಒಂದು ಕೋಣೆ ಬಿಡಿಸಿ ಸಿಬ್ಬಂದಿಗೆ ಧ್ಯಾನ ಹೇಳಿಕೊಟ್ಟರು. 1952ರಲ್ಲಿ ರಂಗೂನಿನಲ್ಲಿ ಕೇಂದ್ರ ಕಟ್ಟಿದರು. ಅವರ ಹತ್ತಿರ 1955ರಲ್ಲಿ ತಲೆನೋವು ವಾಸಿ ಮಾಡಿಕೊಳ್ಳಲು ಬಂದವರು ಮಂಡಾಲೆಯಲ್ಲಿ ಹುಟ್ಟಿದ ಮಾರ್ವಾಡಿ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ. ಹದಿನಾಲ್ಕು ವರ್ಷ ಗುರುಗಳ ಬಳಿ ಕಲಿತು, ಅವರ ಒಪ್ಪಿಗೆ ಪಡೆದು, 1969ರಲ್ಲಿ ಭಾರತಕ್ಕೆ ಬಂದರು. ರೈತ, ಸರ್ಕಾರಿ ಅಧಿಕಾರಿ, ವ್ಯಾಪಾರಿ, ಮೂವರೂ ಹೆಂಡತಿ ಮಕ್ಕಳಿದ್ದವರು. ಅಧಿಕಾರ ಎಲ್ಲಿಂದ ಬಂತು ಎಂಬ ನಿಮ್ಮ ಪ್ರಶ್ನೆಗೆ ಇದೇ ಉತ್ತರ.

ಭಿಕ್ಷುಗಳೇ ಬೇಕು ಎಂದು ನಿಮ್ಮ ಅಮ್ಮನ ಮನಸ್ಸು ಹೇಳಿದರೆ ಅದಕ್ಕೂ ಬೆಂಗಳೂರಿನಲ್ಲಿ ಜಾಗವಿದೆ. ಗಾಂಧಿನಗರದ ಮಹಾಬೋಧಿ ಸೊಸೈಟಿಯನ್ನು 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಸ್ಥಾಪಿಸಿದರು. ಅವರು ಇಂಫಾಲದಲ್ಲಿ ಹುಟ್ಟಿದವರು. ಭಿಕ್ಷುವಾಗಿ ಇಲ್ಲಿಗೆ ಬಂದು ನೆಲೆ ನಿಂತರು. ಅವರ ಸಂಸ್ಥೆ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯದವರಿಗಾಗಿ ಕೇಂದ್ರವನ್ನೂ ಮಾಡಿಸಿತು. ಬುದ್ಧನ ಹೆಸರು ಹೇಳುವವರು ಎಂಥವರು ಎಂದು ತಿಳಿಯಲು ನನಗೆ ಪ್ರವಚನಕ್ಕಿಂತ ಇಂಥ ಕೆಲಸ ಜಾಸ್ತಿ ಸಹಾಯ ಮಾಡುತ್ತದೆ. ಭಿಕ್ಷುಗಳ ಅಧಿಕಾರ ಉಪಸಂಪದೆಯಿಂದ, ಅಂದರೆ ಪೂರ್ಣ ಭಿಕ್ಷು ದೀಕ್ಷೆಯಿಂದ, ಮತ್ತು 'ವಿನಯ' ಎಂಬ 227 ನಿಯಮಗಳ ಶಿಸ್ತಿನಿಂದ ಬರುತ್ತದೆ. ಅವರು ಮಧ್ಯಾಹ್ನದ ಮೇಲೆ ಉಣ್ಣುವುದಿಲ್ಲ, ಉಪಾಸಕರು (ಗೃಹಸ್ಥ ಭಕ್ತರು) ಕೊಟ್ಟದ್ದರಲ್ಲಿ ಬದುಕುತ್ತಾರೆ. ಮಾತಾಡಿಸುವಾಗ 'ಭಂತೇ' ಎನ್ನಬೇಕು. ಬೈಲಕುಪ್ಪೆಯ ಟಿಬೆಟನ್ ಮಠಗಳ ರೀತಿ ಇನ್ನೂ ಬೇರೆ. ಪಾಠ ಹೇಳುವ ಖೆನ್ಪೊ ಬೇರೆ, ಮಂತ್ರ ಪಠಣಕ್ಕೆ ದನಿ ಕೊಡುವವರು ಬೇರೆ, ಶಿಸ್ತು ನೋಡುವವರು ಬೇರೆ.

ಈಗ ನಂಬಿಕೆಯ ಮಾತು. ನನಗೆ ಮುಖ್ಯ ಅನ್ನಿಸುವುದು ಇದೇ.

ಶಿಬಿರದಲ್ಲಿ ಆಚಾರ್ಯರ ಪಕ್ಕ ಒಂದು ಪುಟ್ಟ ಪ್ಲೇಯರ್ ಇರುತ್ತದೆ. ಗುಂಡಿ ಒತ್ತುತ್ತಾರೆ, ಸೂಚನೆ ಬರುತ್ತದೆ. ಸಂಜೆಯ ಪ್ರವಚನವೂ ರೆಕಾರ್ಡಿಂಗೇ. ಹೊಸಬರಿಗೆ 'ಇವರ ಕೆಲಸ ಇಷ್ಟೇನಾ' ಎನಿಸುತ್ತದೆ. ಅವರ ನಿಜವಾದ ಕೆಲಸ ಬೇರೆ ಕಡೆ ಇದೆ. ಐದಾರು ಜನರನ್ನು ಮುಂದೆ ಕರೆದು, 'ಉಸಿರು ತಿಳಿಯುತ್ತಿದೆಯಾ? ಮನಸ್ಸು ಎಷ್ಟು ಹೊತ್ತು ನಿಲ್ಲುತ್ತದೆ?' ಎಂದು ಒಬ್ಬೊಬ್ಬರನ್ನೇ ಕೇಳುತ್ತಾರೆ. ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಯಾರು ಬೇಕಾದರೂ ಹೆಸರು ಬರೆಸಿ ಹೋಗಿ ಮಾತಾಡಬಹುದು. ರಾತ್ರಿ ಒಂಬತ್ತಕ್ಕೆ ಹಾಲ್‌ನಲ್ಲೇ ಪ್ರಶ್ನೆ ಕೇಳಬಹುದು.

ಒಂದು ಶಿಬಿರದಲ್ಲಿ ನಾನು ಸೇವೆಯಲ್ಲಿದ್ದೆ. ಮೊದಲು ಉಸಿರಿನ ಅಭ್ಯಾಸ, ವಿಪಶ್ಯನ ಹೇಳಿಕೊಡುವುದು ನಾಲ್ಕನೇ ದಿನ. ಅದರ ಮಾರನೇ ದಿನ ಒಬ್ಬಳು ಹುಡುಗಿ ಊಟದ ತಟ್ಟೆ ಮುಂದೆ ಕೂತು ಕೈ ನಡುಗಿಸುತ್ತಿದ್ದಳು. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಆಚಾರ್ಯೆ ಅವಳನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಮನಸ್ಸಿನಲ್ಲಿ ಹೂತಿದ್ದ ಹಳೆಯ ಸಂಸ್ಕಾರ ಮೇಲೆ ಬರುತ್ತಿದೆ, ತಡೆದುಕೋ ಎಂದು ಹೇಳಿ ಕಳಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ನನ್ನಿಂದ ಬಿಸಿ ಹಾಲು ತರಿಸಿದರು. ಮೆಲ್ಲಗೆ ಕೇಳುತ್ತಾ ಹೋದರು. ಆತಂಕಕ್ಕೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯನ್ನು ಶಿಬಿರಕ್ಕೆಂದು ತಾನೇ ನಿಲ್ಲಿಸಿದ್ದಾಗಿ ಅವಳು ಹೇಳಿದಳು. ಅರ್ಜಿಯಲ್ಲಿ ಬರೆದಿರಲಿಲ್ಲ. ಆಚಾರ್ಯೆ ಆಗಿಂದಾಗಲೇ ಧ್ಯಾನ ನಿಲ್ಲಿಸಿದರು. ಮನೆಗೆ ಫೋನ್ ಮಾಡಿಸಿದರು, ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದರು. ಅಣ್ಣ ಬರುವಷ್ಟರಲ್ಲಿ ಕತ್ತಲಾಗಿತ್ತು. ಅಲ್ಲಿಯವರೆಗೂ ಆಚಾರ್ಯೆ ಅವಳ ಪಕ್ಕ ಬಿಟ್ಟು ಏಳಲಿಲ್ಲ. ಹೊರಡುವಾಗ ಅವಳು ಅಳುತ್ತಾ 'ನಾನು ಸೋತೆ' ಎಂದಾಗ, 'ಆರೋಗ್ಯ ಸರಿ ಮಾಡಿಕೋ ಮಗಳೇ, ಇದರಲ್ಲಿ ಸೋಲು ಗೆಲುವು ಏನಿಲ್ಲ' ಎಂದರು. ಹತ್ತು ದಿನ ಪೂರ್ತಿ ಇರಲೇಬೇಕು ಎಂಬ ನಿಯಮ ಅಲ್ಲಿ ತುಂಬಾ ಗಟ್ಟಿ. ಆ ನಿಯಮವನ್ನು ಯಾವಾಗ ಬದಿಗಿಡಬೇಕು ಎಂದು ಗೊತ್ತಿರುವವರ ಕೈಗೆ ನನ್ನ ಮನೆಯವರನ್ನು ಒಪ್ಪಿಸಲು ನನಗೆ ಹೆದರಿಕೆ ಇಲ್ಲ.

ಇನ್ನೊಬ್ಬರನ್ನು ಹೇಗೆ ತಿಳಿಯುವುದು ಎಂದು ಬುದ್ಧನೇ ಕೋಸಲದ ರಾಜ ಪಸೇನದಿಗೆ ಹೇಳಿದ್ದಾನೆ. ಶೀಲ ಗೊತ್ತಾಗುವುದು ಜೊತೆಯಲ್ಲಿ ಬಹುಕಾಲ ಇದ್ದಾಗ. ಪ್ರಾಮಾಣಿಕತೆ ಗೊತ್ತಾಗುವುದು ವ್ಯವಹಾರದಲ್ಲಿ. ಗಟ್ಟಿತನ ಗೊತ್ತಾಗುವುದು ಕಷ್ಟ ಬಂದಾಗ. ತಿಳಿವಳಿಕೆ ಗೊತ್ತಾಗುವುದು ಮಾತುಕತೆಯಲ್ಲಿ. ಮೇಲ್ನೋಟಕ್ಕೆ ಸನ್ಯಾಸಿಗಳಂತೆ ಕಾಣುವವರಿಗೆ ರಾಜ ಕೈಮುಗಿದ ಸಂದರ್ಭ ಅದು, ಆದರೆ ಅವರು ರಾಜನದೇ ಗೂಢಚಾರರಾಗಿದ್ದರು. ನೀವು ಆ ದಂಪತಿಯನ್ನು ನೋಡಬೇಕಾದ್ದೂ ಹೀಗೆಯೇ. ದುಡ್ಡಿನ ಲೆಕ್ಕ ಕೇಳಿದರೆ ತೋರಿಸುತ್ತಾರಾ? ಒಪ್ಪದ ಮಾತನ್ನು ಎದುರಿಗೇ ಹೇಳಿದರೆ ಕೇಳಿಸಿಕೊಳ್ಳುತ್ತಾರಾ? ಗುಂಪು ಬಿಟ್ಟು ಹೋದವರ ಬಗ್ಗೆ ಹೇಗೆ ಮಾತಾಡುತ್ತಾರೆ? ಈ ಕೊನೆಯದನ್ನು ನಾನು ತುಂಬಾ ಗಮನಿಸುತ್ತೇನೆ.

ಇದು ಸುಮ್ನೆ ಹೇಳುತ್ತಿರುವ ಎಚ್ಚರಿಕೆ ಅಲ್ಲ. ಪಶ್ಚಿಮ ದೇಶಗಳಲ್ಲಿ ಬಹಳ ಹೆಸರು ಮಾಡಿದ್ದ ರಿಗ್ಪ ಎಂಬ ಟಿಬೆಟನ್ ಬೌದ್ಧ ಸಂಸ್ಥೆಯ ಗುರು ಸೋಗ್ಯಾಲ್ ರಿಂಪೋಚೆ ಮೇಲೆ 2017ರಲ್ಲಿ ಎಂಟು ಮಂದಿ ಹಿರಿಯ ಶಿಷ್ಯರು ಹಿಂಸೆ ಮತ್ತು ದುರ್ವರ್ತನೆಯ ಆರೋಪ ಹೊರಿಸಿ ಪತ್ರ ಬರೆದರು. ಮರುವರ್ಷ ಬಂದ ಸ್ವತಂತ್ರ ತನಿಖಾ ವರದಿ ಬಹುಪಾಲು ಆರೋಪಗಳನ್ನು ಎತ್ತಿಹಿಡಿಯಿತು. ಒಬ್ಬರ ಸುತ್ತಲೇ ಎಲ್ಲ ಕಟ್ಟಿದಾಗ, ಅವರನ್ನು ಕೇಳುವವರು ಯಾರೂ ಇಲ್ಲದಾಗ ಹೀಗಾಗುತ್ತದೆ. ತನ್ನ ನಂತರ ಇಂಥವನೇ ಗುರು ಎಂದು ಬುದ್ಧ ಯಾರನ್ನೂ ಹೆಸರಿಸಲಿಲ್ಲ. ಧಮ್ಮ (ತನ್ನ ಬೋಧನೆ) ಮತ್ತು ವಿನಯವೇ ನಿಮಗೆ ಗುರು ಎಂದ. ಗೋಯೆಂಕಾ 2013ರ ಸೆಪ್ಟೆಂಬರ್ 29ರಂದು ತೀರಿಕೊಂಡಾಗಲೂ ಅವರ ಪೀಠಕ್ಕೆ ಒಬ್ಬ ಉತ್ತರಾಧಿಕಾರಿ ಬರಲಿಲ್ಲ. ಅದಕ್ಕೆ ಒಂದು ವಾರ ಮೊದಲಷ್ಟೇ ಬುದ್ಧರಕ್ಖಿತರೂ ಹೋಗಿದ್ದರು. ಇಬ್ಬರ ಕೆಲಸವೂ ನಿಲ್ಲಲಿಲ್ಲ.

ಒಂದು ಅಸಮಾಧಾನ ನನಗಿದೆ, ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ನಾನು ಹೋದ ಗುಂಪುಗಳಲ್ಲಿ ಮಾತುಕತೆ ಹಿಂದಿ, ಇಂಗ್ಲಿಷಿನಲ್ಲೇ ಜಾಸ್ತಿ. ಸೂಚನೆಗಳು ಕನ್ನಡದಲ್ಲಿ ಸಿಗುತ್ತವೆ, ನಿಜ. ಆದರೆ ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಬೆನ್ನು ನೋವಿನ ಬಗ್ಗೆ ಕೇಳಬೇಕೆಂದರೆ ಮಧ್ಯೆ ಯಾರಾದರೂ ನಿಂತು ಅನುವಾದ ಮಾಡಬೇಕಾಗುತ್ತದೆ. ಅವರ ಅರ್ಧ ಮಾತು ಅಲ್ಲೇ ಉಳಿದುಹೋಗುತ್ತದೆ. ಕನ್ನಡದಲ್ಲೇ ಕೇಳಿ ಕನ್ನಡದಲ್ಲೇ ಹೇಳುವ ಆಚಾರ್ಯರು ಇನ್ನೂ ತುಂಬಾ ಜನ ಬೇಕು. ಶಿಬಿರ ಮುಗಿಸಿದ ನಮ್ಮಂಥವರು ಸೇವೆಗೆ ನಿಂತರೆ ತಾನೇ ಅವರು ಹುಟ್ಟುವುದು!

ಅಮ್ಮನ ವಿಷಯಕ್ಕೆ ಬಂದರೆ, ಮೊದಲು ನೀವೇ ಹೋಗಿ ಆ ದಂಪತಿಯ ಹತ್ತಿರ ಕೂತು ಮಾತಾಡಿ. ಆನಾಪಾನ ಎಲ್ಲಿ, ಯಾವಾಗ ಎಂದು ಕೇಳಿ. ಅಮ್ಮನಿಗೆ ಹಿಡಿಸಿದರೆ ಆಮೇಲೆ ಶಿಬಿರದ ಯೋಚನೆ ಮಾಡಿ. ತುಮಕೂರು ರಸ್ತೆ ಕಡೆ ಆಲೂರಿನಲ್ಲಿ ಧಮ್ಮ ಪಫುಲ್ಲ ಕೇಂದ್ರವಿದೆ. ಶುಲ್ಕ ಇಲ್ಲ. ಶಿಬಿರ ಮುಗಿಸಿದವರಿಂದ ಮಾತ್ರ ದಾನ ತೆಗೆದುಕೊಳ್ಳುತ್ತಾರೆ, ಅದೂ ಮನಸ್ಸಿದ್ದರೆ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ ಹೊಡೆಯುತ್ತದೆ, ಹತ್ತು ದಿನ ಹೆಚ್ಚುಕಮ್ಮಿ ಪೂರ್ತಿ ಮೌನ. ಇದನ್ನು ಅವರಿಗೆ ಮೊದಲೇ ಹೇಳಿ. ಮಂಡಿ ನೋವಿದ್ದರೆ ಕುರ್ಚಿ ಕೇಳಲಿ, ಕೊಡುತ್ತಾರೆ. ಅರ್ಜಿ ತುಂಬುವಾಗ ಬಿಪಿ, ಶುಗರ್, ನಿದ್ದೆಯ ಮಾತ್ರೆ, ಏನಿದ್ದರೂ ಎಲ್ಲ ಬರೆಯಿರಿ. ಡಾಕ್ಟರನ್ನು ಕೇಳದೆ ಒಂದನ್ನೂ ನಿಲ್ಲಿಸಬಾರದು. ಭಾಷೆ ಕೇಳುವ ಜಾಗದಲ್ಲಿ ಕನ್ನಡ ಎಂದು ಬರೆಯಿರಿ. ಕನ್ನಡ ಬಲ್ಲ ಆಚಾರ್ಯೆ ಯಾವ ಶಿಬಿರದಲ್ಲಿ ಇರುತ್ತಾರೆ ಎಂದು ಫೋನ್ ಮಾಡಿ ವಿಚಾರಿಸಿ, ಆ ತಾರೀಖಿಗೇ ಹೆಸರು ಬರೆಸಿ.