ಷಟ್ಪಥ ಬಂತು, ಗಿರಾಕಿಗಳು ಎಲ್ಲಿ ಹೋದರು?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಕುಂಬಳೆ–ಉಪ್ಪಳ ನಡುವೆ ಹೆದ್ದಾರಿ ಬದಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಷಟ್ಪಥ ಆದ ಮೇಲೆ ಅದು ಸರ್ವಿಸ್ ರಸ್ತೆಗೆ ಸೇರಿಹೋಯಿತು. ಬೇಕಲ ಕೋಟೆಗೆ ಹೋಗುವ ಕಾರು, ಬಸ್ಸು ಕಡಿಮೆಯಾಗಿಲ್ಲ, ಆದರೆ ನಮ್ಮ ವ್ಯಾಪಾರ ಅರ್ಧಕ್ಕಿಳಿದಿದೆ. ಏನು ಮಾಡಬಹುದು?

ಉತ್ತರ: ವಾಹನ ಹೆಚ್ಚಾದರೆ ವ್ಯಾಪಾರವೂ ಹೆಚ್ಚುತ್ತದೆ ಎಂಬ ಹಳೆಯ ಲೆಕ್ಕ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಇನ್ನು ನಡೆಯದು. ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ನಿಮ್ಮ ಬೋರ್ಡು 50 ಮೀಟರ್ ದೂರದಿಂದ ಕಂಡರೂ ಚಾಲಕನಿಗೆ ಸಿಗುವುದು ಎರಡು ಸೆಕೆಂಡು, ಅಷ್ಟರಲ್ಲಿ ಸರ್ವಿಸ್ ರಸ್ತೆಗೆ ಇಳಿಯುವ ಜಾಗ ದಾಟಿಯೇ ಹೋಗಿರುತ್ತದೆ. ಬೋರ್ಡು ದೊಡ್ಡದು ಮಾಡಿ ಹೆದ್ದಾರಿಯ ಜಾಗದಲ್ಲಿ ನಿಲ್ಲಿಸೋಣ ಎಂದುಕೊಂಡಿದ್ದರೆ ಬಿಡಿ, ಅನುಮತಿಯಿಲ್ಲದ ಬೋರ್ಡನ್ನು ಕಿತ್ತುಹಾಕುತ್ತಾರೆ.

ಮೊದಲ ಕೆಲಸ ಗೂಗಲ್ ಮ್ಯಾಪ್‌ನಲ್ಲಿ. ಹೋಟೆಲಿನ ಪಿನ್ನು ರಸ್ತೆಯ ಮಧ್ಯಕ್ಕೆ ಸರಿದಿದ್ದರೆ ಮ್ಯಾಪು ಕಾರನ್ನು ಮುಖ್ಯ ರಸ್ತೆಯಲ್ಲೇ ನಿಮ್ಮೆದುರು ತಂದು "ತಲುಪಿದಿರಿ" ಎನ್ನುತ್ತದೆ, ನಡುವೆ ಗೋಡೆ ಇರುತ್ತದೆ. ಪಿನ್ನನ್ನು ಸರ್ವಿಸ್ ರಸ್ತೆ ಕಡೆಯ ಬಾಗಿಲ ಮೇಲೆಯೇ ಕೂರಿಸಿ. ಆಮೇಲೆ ತಲಪಾಡಿ ಕಡೆಯಿಂದ ಒಮ್ಮೆ, ಕಾಸರಗೋಡು ಕಡೆಯಿಂದ ಒಮ್ಮೆ, ಯಾರಾದರೂ ಬೇರೆಯವರ ಫೋನಿನಲ್ಲಿ ದಾರಿ ಹಾಕಿಸಿ ನೋಡಿ. ಎದುರು ಬದಿಯಿಂದ ಬರುವವರಿಗೆ ಯಾವ ಅಂಡರ್‌ಪಾಸ್‌ನಲ್ಲಿ ನುಸುಳಬೇಕು ಎಂಬುದನ್ನು ಫೋಟೊ ಸಮೇತ ಅಲ್ಲೇ ಹಾಕಿ.

ಎರಡನೆಯದು ಟೂರಿಸ್ಟ್ ಬಸ್ಸು. ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವವನು ಚಾಲಕ, ಅವನು ಮೊದಲು ನೋಡುವುದು ಶೌಚಾಲಯ ಮತ್ತು ತಿರುಗಿಸುವ ಜಾಗ. 12 ಮೀಟರ್ ಉದ್ದದ ಬಸ್ಸು ಹಿಂದೆ-ಮುಂದೆ ಮಾಡದೆ ತಿರುಗಲು ಸುಮಾರು 25 ಮೀಟರ್ ಅಗಲ ಬೇಕು. ಅಷ್ಟು ಅಂಗಳ ಇಲ್ಲದಿದ್ದರೆ ಪಕ್ಕದ ಖಾಲಿ ಜಾಗದವರೊಡನೆ ಬಾಡಿಗೆಗೆ ಮಾತಾಡಿ. 45 ಜನರಿಗೆ ತಲಾ ಎರಡು ನಿಮಿಷವೆಂದರೂ ಒಂದೇ ಶೌಚಾಲಯದಲ್ಲಿ ಒಂದೂವರೆ ಗಂಟೆ ಹಿಡಿಯುತ್ತದೆ. ಐದಿದ್ದರೆ 18 ನಿಮಿಷದಲ್ಲಿ ಮುಗಿಯುತ್ತದೆ, ಗೋಳಿಬಜೆ-ಚಹಾ ಮುಗಿಯುವ ಹೊತ್ತೂ ಅದೇ. ದುಡ್ಡು ಹಾಕುವುದಿದ್ದರೆ ಎಸಿ ಕೋಣೆಗಿಂತ ಮೊದಲು ಇಲ್ಲಿ ಹಾಕಿ.

ಪ್ರಶ್ನೆ: ಅನಂತಪುರ ಸರೋವರ ದೇವಸ್ಥಾನದ ಸಮೀಪ ನಮ್ಮ ಹಳೆಯ ಹೆಂಚಿನ ಮನೆ, ಅಡಿಕೆ ತೋಟ ಇದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಮೂರು ಕೋಣೆಗಳನ್ನು ಹೋಂಸ್ಟೇ ಮಾಡಿದರೆ ನಡೆದೀತೇ?

ಉತ್ತರ: ನಡೆಯುತ್ತದೆ, ಆದರೆ ಬರುವವರು ರಾತ್ರಿ ಉಳಿಯಲು ಕಾರಣ ಬೇಕು. ರಸ್ತೆ ಚೆನ್ನಾದಷ್ಟೂ ಮಂಗಳೂರಿನವರು ಅನಂತಪುರ, ಮಧೂರು, ಬೇಕಲ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ ರಾತ್ರಿ ಊಟಕ್ಕೆ ಮನೆ ಸೇರುತ್ತಾರೆ. ಅವರನ್ನು ನೆಚ್ಚಬೇಡಿ. ಬೆಂಗಳೂರು, ಮೈಸೂರು ಕಡೆಯವರಿಗೂ, ತೆಯ್ಯಂ (ಇಲ್ಲಿನ ದೈವಾರಾಧನೆಯ ಕುಣಿತ) ನೋಡಲು ಬರುವವರಿಗೂ ಮನೆ ಸಿದ್ಧಮಾಡಿ. ತೆಯ್ಯಂ ಕಾಲ ಅಕ್ಟೋಬರ್ ಕೊನೆಯಿಂದ ಮೇ ಕೊನೆಯವರೆಗೆ. ರಾತ್ರಿಯೆಲ್ಲ ನಡೆಯುವ ಕಟ್ಟಳೆಯಾದ್ದರಿಂದ ನೋಡುವವರಿಗೆ ಹಾಸಿಗೆ ಬೇಕೇ ಬೇಕು.

ಕೇರಳ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ವರ್ಗೀಕರಣಕ್ಕೆ ಅರ್ಜಿ ಹಾಕಿ. ಗರಿಷ್ಠ ಆರು ಕೋಣೆ, ಮನೆಯವರು ಅಲ್ಲೇ ವಾಸವಿರಬೇಕು. ಬೀಗ ಹಾಕಿದ ಮನೆಯನ್ನು ಆಳಿನ ಕೈಗೆ ಕೊಟ್ಟು ನಡೆಸುವ ಆಲೋಚನೆಯಿದ್ದರೆ ಅದು ಹೋಂಸ್ಟೇ ಆಗುವುದಿಲ್ಲ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು.

ಕೈಕೊಡುವುದು ನೀರು. ವಸತಿಗೃಹಕ್ಕೆ ಹಾಸಿಗೆಯೊಂದಕ್ಕೆ ದಿನಕ್ಕೆ 180 ಲೀಟರ್ ಎಂಬುದು ಎಂಜಿನಿಯರುಗಳ ಲೆಕ್ಕ. ಮೂರು ಕೋಣೆಗೆ ಆರು ಜನ, ಸಾವಿರ ಲೀಟರಿಗಿಂತ ಮೇಲೆಯೇ ಆಯಿತು. ಏಪ್ರಿಲ್-ಮೇಯಲ್ಲಿ ಬಾವಿ ಎಷ್ಟು ಕೊಡುತ್ತದೆಂದು ಅಳೆದ ಮೇಲೆಯೇ ಬಾತ್‌ರೂಮು ಕಟ್ಟಿಸಿ. ತೋಟದಲ್ಲಿ ಹಳೆಯ ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಿಲ) ಇದ್ದರೆ ಹೂಳು ತೆಗೆಸಿ. ಬೇಸಗೆಯಲ್ಲಿ ಆಸರೆಯಾದೀತು, ಹೊರಗಿನಿಂದ ಬರುವವರು ಅದನ್ನು ನೋಡದೆ ಹೋಗುವುದೂ ಇಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಕೊಳಚೆ ನೀರು ಬೇಗ ಇಂಗಿ ಬಾವಿ ಸೇರುತ್ತದೆ. ಇಂಗುಗುಂಡಿಗೂ ಬಾವಿಗೂ 15 ಮೀಟರ್ ಅಂತರ ಇರಲಿ, ಗುಂಡಿ ಇಳಿಜಾರಿನ ಕೆಳಬದಿಗಿರಲಿ.

ಪ್ರಶ್ನೆ: ಬೇಕಲ ಕೋಟೆಯ ಹತ್ತಿರ ಜಾಗ ಇದೆ. ಅಂಗಡಿ ಕಟ್ಟಬಹುದೇ?

ಉತ್ತರ: ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಸಂರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆ ಮತ್ತೆ 200 ಮೀಟರ್‌ನಲ್ಲಿ ಅನುಮತಿ ಬೇಕು. ಅಳತೆ ಕೋಟೆ ಗೋಡೆಯಿಂದಲ್ಲ, ಸಂರಕ್ಷಿತ ಗಡಿಯಿಂದ. ತಪ್ಪುವವರು ಇಲ್ಲೇ ತಪ್ಪುತ್ತಾರೆ. ಪಂಚಾಯತ್ ಪರವಾನಗಿ ಈ ಅನುಮತಿಗೆ ಬದಲಿಯಲ್ಲ. ಕಡಲ ಬದಿಯಾದರೆ ಕರಾವಳಿ ನಿಯಂತ್ರಣ ವಲಯದ ನಿಯಮವೂ ತಗಲುತ್ತದೆ. ಸರ್ವೆ ನಂಬರು ಹಿಡಿದು ಎರಡನ್ನೂ ವಿಚಾರಿಸುವವರೆಗೆ ಕಲ್ಲು ಇಳಿಸಬೇಡಿ.

ಪ್ರಶ್ನೆ: ವಯಸ್ಸಾದ ತಂದೆ-ತಾಯಿಯನ್ನು ಮಂಗಳೂರಿನಿಂದ ಬಸ್ಸಿನಲ್ಲಿ ಬೇಕಲಕ್ಕೆ ಕರೆತರಬೇಕು. ಸುಲಭದ ದಾರಿ?

ಉತ್ತರ: ಮಂಗಳೂರಿನಿಂದ ಕಾಸರಗೋಡಿಗೆ 50 ಕಿ.ಮೀ., ಬಸ್ಸುಗಳಿಗೆ ಬರವಿಲ್ಲ. ಅಲ್ಲಿಂದ ಕಾಞಂಗಾಡಿನ ಬಸ್ಸು ಹತ್ತುವಾಗ ಚಂದ್ರಗಿರಿ ರೂಟ್ ಹೌದೇ ಎಂದು ಕೇಳಿಯೇ ಹತ್ತಿ. ಚೆರ್ಕಳ, ಪೊಯಿನಾಚಿ ಮೇಲೆ ಹೋಗುವ ಹೆದ್ದಾರಿ ಬಸ್ಸು ಕೋಟೆಯ ಬಳಿ ಸುಳಿಯುವುದಿಲ್ಲ. ಶಿವಪ್ಪ ನಾಯಕನ ಕಾಲದ ಈ ಕೋಟೆ ಸುಮಾರು 40 ಎಕರೆ, ಒಳಗೆ ನೆರಳು ಕಡಿಮೆ. ಬೆಳಿಗ್ಗೆ ಬೇಗ ಅಥವಾ ಸಂಜೆ ನಾಲ್ಕರ ಮೇಲೆ ಹೋಗಿ. ನಡುವಿನ ವೀಕ್ಷಣಾ ಬುರುಜಿಗೆ ಅಗಲವಾದ ಇಳಿಜಾರು ದಾರಿಯಿದೆ, ನಿಧಾನಕ್ಕೆ ಹತ್ತಿಸಬಹುದು. ಮಳೆ ಬಿದ್ದ ದಿನ ಅದು ಜಾರುತ್ತದೆ, ಅಂದು ಕೆಳಗಿನ ಹುಲ್ಲುಹಾಸಿನಲ್ಲೇ ಸುತ್ತಾಡಿಸಿ.