ಓದುಗರ ಪ್ರಶ್ನೆ: ಲ್ಯಾಬಿನಲ್ಲಿ ಕೀಬೋರ್ಡ್ ಯಾರ ಕೈಯಲ್ಲಿ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಒಂದು ಕಂಪ್ಯೂಟರಿಗೆ ಇಬ್ಬರನ್ನು ಕೂರಿಸಿದರೆ ಹುಡುಗ ಟೈಪ್ ಮಾಡುತ್ತಾನೆ, ಹುಡುಗಿ ರೆಕಾರ್ಡ್ ಬರೆಯುತ್ತಾಳೆ. ತಪ್ಪಿಸುವುದು ಹೇಗೆ?

ಉತ್ತರ: ಆ ಕೆಲಸವನ್ನು ಅವಳಿಗೆ ಯಾರೂ ವಹಿಸಿರುವುದಿಲ್ಲ, ಅಕ್ಷರ ದುಂಡಗಿದೆ ಅಂತ ತಾನಾಗಿ ಅವಳ ಪಾಲಿಗೆ ಬಂದಿರುತ್ತದೆ. ವರ್ಷ ಮುಗಿಯುವಷ್ಟರಲ್ಲಿ ಅವನ ಕೈ ಪಳಗಿರುತ್ತದೆ, ಅವಳದು ಹಾಗೇ ಉಳಿದಿರುತ್ತದೆ. ಆಮೇಲೆ ಎಲ್ಲರೂ ಅವನಿಗೆ ಹುಟ್ಟಿನಿಂದಲೇ ಬುದ್ಧಿ ಹೆಚ್ಚು ಅನ್ನುತ್ತಾರೆ!

ಸರದಿ ಗೊತ್ತುಮಾಡಿ. ಒಬ್ಬರು ಟೈಪ್ ಮಾಡಲಿ, ಇನ್ನೊಬ್ಬರು ದಾರಿ ಹೇಳಲಿ. 10 ನಿಮಿಷಕ್ಕೊಮ್ಮೆ ಜಾಗ ಬದಲಾಗಲಿ. ದಾರಿ ಹೇಳುವವರು ಬಾಯಲ್ಲಿ ಮಾತ್ರ ಹೇಳಬೇಕು, ಕೀಬೋರ್ಡ್, ಮೌಸ್ ಮುಟ್ಟುವಂತಿಲ್ಲ. ಇದು ಕೆಡುವುದು ಜಾಗ ಬದಲಿಸುವ ಗಂಟೆ ಹೊಡೆದಾಗ. ‘ಇದೊಂದು ಲೈನ್ ಮುಗಿಸ್ತೀನಿ’ ಎಂದವರು ಐದು ನಿಮಿಷ ಏಳುವುದಿಲ್ಲ. ಅರ್ಧ ಲೈನಿನಲ್ಲೇ ಎಬ್ಬಿಸಿ. ಮುಂದೆ ಕೂರುವವರು ಆ ಅರ್ಧವನ್ನು ಓದಿ ಅರ್ಥಮಾಡಿಕೊಳ್ಳಲೇಬೇಕಾಗುತ್ತದೆ, ಕಲಿಕೆ ಅಲ್ಲೇ ಇದೆ. ಜೋಡಿ ಮಾಡುವಾಗ ಅಂಕ ನೋಡಬೇಡಿ, ಎಷ್ಟು ದಿನದಿಂದ ಕೋಡ್ ಬರೆಯುತ್ತಿದ್ದಾರೆ ಎಂಬುದನ್ನು ನೋಡಿ. ಹಳಬರ ಪಕ್ಕ ಕೂತ ಹೊಸಬರು ಬೇಗ ಮಾತು ನಿಲ್ಲಿಸುತ್ತಾರೆ.

ಇನ್ನೊಂದು ಮಾತು. ಹುಡುಗಿ ಸಹಾಯ ಕೇಳಿದಾಗ ನೀವೇ ಬಗ್ಗಿ ಟೈಪ್ ಮಾಡಿಕೊಡಬೇಡಿ. ಎರರ್ ಮೆಸೇಜನ್ನು ಗಟ್ಟಿಯಾಗಿ ಓದಿಸಿ. ಉದಾಹರಣೆಗೆ, ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಆವರಣ ಚಿಹ್ನೆ ಮುಚ್ಚಲು ಮರೆತರೆ ಹಳೆಯ ಆವೃತ್ತಿಗಳು ಸಾಮಾನ್ಯವಾಗಿ ಅದರ ಮುಂದಿನ ಲೈನಿನಲ್ಲಿ ತಪ್ಪಿದೆ ಎನ್ನುತ್ತವೆ, 3.10ರಿಂದ ಈಚೆಗಿನವು ಮುಚ್ಚದ ಚಿಹ್ನೆಯನ್ನೇ ತೋರಿಸುತ್ತವೆ. ಹಳೆಯದರಲ್ಲಿ ಕಲಿಯುವ ಹುಡುಗಿ ಸರಿಯಾಗಿರುವ ಲೈನನ್ನೇ ಕಾಲು ಗಂಟೆ ದಿಟ್ಟಿಸಿ, ‘ನನಗಿದು ಆಗಲ್ಲ’ ಅನ್ನುತ್ತಾಳೆ. ತೋರಿಸಿದ ಲೈನಿನಲ್ಲಿ ತಪ್ಪು ಕಾಣದಿದ್ದರೆ ಮೇಲಿನ ಲೈನ್ ನೋಡು ಎಂದು ಮೊದಲ ವಾರವೇ ಹೇಳಿಕೊಡಿ.

ಪ್ರಶ್ನೆ: ಮಗಳು ಕಂಪ್ಯೂಟರ್ ಸೈನ್ಸ್ ಸೇರಿದ್ದಾಳೆ. ‘ಉಳಿದವರಿಗೆಲ್ಲ ಮೊದಲೇ ಗೊತ್ತು, ನಾನು ಬ್ರಾಂಚ್ ಬದಲಿಸ್ತೀನಿ’ ಅನ್ನುತ್ತಿದ್ದಾಳೆ. ಏನು ಹೇಳಲಿ?

ಉತ್ತರ: ಒಂದು ಸೆಮಿಸ್ಟರ್ ತಡೆಯಲು ಹೇಳಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಕಂಪ್ಯೂಟರ್ ಸೈನ್ಸ್ ಪದವಿಗೆ ಸೇರಿದವರಲ್ಲಿ ಹುಡುಗಿಯರು ಶೇ 7ರಷ್ಟಿದ್ದರು. 2000ದಲ್ಲಿ ಶೇ 42. ಪ್ರವೇಶದಲ್ಲಿ ಮೊದಲೇ ಪ್ರೋಗ್ರಾಮಿಂಗ್ ಗೊತ್ತಿರುವುದಕ್ಕೆ ಕೊಡುತ್ತಿದ್ದ ತೂಕವನ್ನು ಇಳಿಸಿದ್ದು, ಹೊಸಬರಿಗೆ ಬೇರೆ ಆರಂಭದ ತರಗತಿ ಕೊಟ್ಟಿದ್ದು ಅಲ್ಲಿನ ಬದಲಾವಣೆಗಳಲ್ಲಿ ಮುಖ್ಯವಾದವು. ನಿಮ್ಮ ಮಗಳಿಗೆ ಕಡಿಮೆ ಇರುವುದೂ ಅಭ್ಯಾಸವೇ.

ಲ್ಯಾಬಿನಲ್ಲಿ ಮಾಡಿದ ಪ್ರತಿ ಪ್ರೋಗ್ರಾಮನ್ನು ಎರಡು ದಿನ ಬಿಟ್ಟು, ನೋಟ್ಸ್ ಮುಚ್ಚಿಟ್ಟು, ಖಾಲಿ ಸ್ಕ್ರೀನಿನಲ್ಲಿ ಮತ್ತೆ ಬರೆಯಲಿ. ಸಿಕ್ಕಿಹಾಕಿಕೊಂಡರೆ ಇಣುಕಿ ನೋಡಲಿ, ಮತ್ತೆ ಮೊದಲಿನಿಂದ ಶುರುಮಾಡಲಿ. ವಿಡಿಯೊ ನೋಡುವಾಗ ಎಲ್ಲವೂ ತಿಳಿದಂತೆಯೇ ಇರುತ್ತದೆ, ಅದನ್ನು ನಂಬಬಾರದು.

ಪ್ರಶ್ನೆ: ಐದು ವರ್ಷದ ಬಿಡುವಿನ ನಂತರ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಮರಳಬೇಕು. ಯಾವ ಕೋರ್ಸ್ ಮಾಡಲಿ?

ಉತ್ತರ: ಸದ್ಯಕ್ಕೆ ಯಾವುದೂ ಬೇಡ. ನಿಮಗೆ ಒಪ್ಪುವ ಹತ್ತು ಉದ್ಯೋಗ ಜಾಹೀರಾತು ತೆರೆದು, ಯಾವ ಟೂಲಿನ ಹೆಸರು ಎಷ್ಟು ಸಲ ಬಂದಿದೆ ಗೀಟು ಹಾಕಿ. ಹೆಚ್ಚು ಬಂದ ಎರಡನ್ನು ಮಾತ್ರ ಕಲಿಯಿರಿ. ಅವುಗಳಲ್ಲೇ ಒಂದು ಸಣ್ಣ ಪ್ರಾಜೆಕ್ಟ್ ಮಾಡಿ, ಆಟೊಮೇಷನ್ ಟೆಸ್ಟ್ (ತಾನಾಗಿ ಓಡುವ ಪರೀಕ್ಷೆ) ಬರೆದು, ಕೋಡ್ ಇಡುವ ತಾಣವಾದ ಗಿಟ್‌ಹಬ್‌ಗೆ ಹಾಕಿ. ಓಡಿಸುವ ವಿಧಾನವನ್ನು ಅದರ ಜೊತೆಗಿಡುವ ವಿವರಣೆಯ ಫೈಲಾದ ರೀಡ್‌ಮಿಯಲ್ಲಿ ಬರೆಯಿರಿ. ನಂತರ ಬೇರೊಬ್ಬರ ಕಂಪ್ಯೂಟರಿನಲ್ಲಿ ಅದನ್ನೇ ಓದಿ ಓಡಿಸಲು ಹೇಳಿ. ಮೊದಲ ಸಲ ಬಹುಮಟ್ಟಿಗೆ ಓಡುವುದಿಲ್ಲ, ಯಾವುದೋ ಫೈಲೋ ಸೆಟ್ಟಿಂಗೋ ನಿಮ್ಮ ಯಂತ್ರದಲ್ಲಷ್ಟೇ ಇರುತ್ತದೆ.

ರೆಸ್ಯುಮೆಯಲ್ಲಿ ಬಿಡುವನ್ನು ಒಂದೇ ಸಾಲಿನಲ್ಲಿ, ಇಸವಿ ಸಹಿತ ಬರೆಯಿರಿ. ಬಿಡುವಾಗಿತ್ತೆಂಬ ಒಂದೇ ಕಾರಣಕ್ಕೆ ಫ್ರೆಷರ್ ಹುದ್ದೆಗೆ ಅರ್ಜಿ ಹಾಕಬೇಡಿ. ಒಮ್ಮೆ ಇಳಿದ ಸಂಬಳ ಮುಂದಿನ ಕಂಪನಿಯಲ್ಲೂ ಲೆಕ್ಕಕ್ಕೆ ಬರಬಹುದು.